ಕಾಕಾ ಬೇಡವೆಂದ ಹುಚ್ಚು

ಇವತ್ತು ಬೆಳಿಗ್ಗೆ ಮನೆಗೆ ಬಂದವರಿಗೆ ಚಹಾ ಸೋಸುವಾಗ ಲೋಟದ ಅಂಚಿನಲ್ಲಿ ಕೊರೆದಿದ್ದ ಹೆಸರು ಕಣ್ಣಿಗೆ ಬಿತ್ತು. ನಮ್ಮ ಮನೆಯದಲ್ಲ, ಬ್ಯಾಡಗಿಯಲ್ಲಿ ನಮ್ಮ ಎದುರುಮನೆಯವರದ್ದು. ಅನುಮಾನಪಡಬೇಡಿ, ನಾನು ವಕೀಲ. ಕದ್ದದ್ದು ನಾನಲ್ಲ, ಬಸಣ್ಣ ಕಾಕಾ.

ಕಾಕಾ ನನ್ನ ತಂದೆಯ ತಮ್ಮ, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ವ್ಯಾಪಾರಿ. ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಯಾರ ಮನೆಗೆ ಹೋಗಲಿ, ಬರುವಾಗ ಒಂದು ಲೋಟವೋ ಚಮಚವೋ ಧೋತರದ ಗಂಟಿನಲ್ಲಿ ಬಂದುಬಿಡುತ್ತಿತ್ತು. ಮರುದಿನ ಅವನ ಹೆಂಡತಿ, ನಮ್ಮ ಚಿಗವ್ವ, ಅದನ್ನು ವಾಪಸು ಒಯ್ಯುವಳು. ಮಂದಿಯ ಪಾತ್ರೆಯನ್ನು ಬರಿದಾಗಿ ಕೊಡುವಂತಿಲ್ಲವಲ್ಲ, ಹಾಗಾಗಿ ಕದ್ದ ಲೋಟದ ತುಂಬ ಖಾರದಪುಡಿಯೋ ಶೇಂಗಾ ಚಟ್ನಿಯೋ ಇರುತ್ತಿತ್ತು. ಕೆಲವರಂತೂ ಕಾಕಾ ಬರುತ್ತಾನೆಂದರೆ ಇದ್ದುದರಲ್ಲಿ ದೊಡ್ಡ ಲೋಟವನ್ನೇ ಎದುರಿಗಿಡುತ್ತಿದ್ದರು. ಚಿಗವ್ವನಿಗೆ ಪಾತ್ರೆಯ ಮೇಲೆ ಕೊರೆದ ಹೆಸರು ಓದಲು ಬಾರದು. ಹೀಗಾಗಿ ಓಣಿಯ ಪಾತ್ರೆಗಳೆಲ್ಲ ಮನೆ ಬದಲಿಸಿದ್ದವು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಾನು ಹಾವೇರಿ ಕೋರ್ಟಿನಲ್ಲಿ ಹೊಸದಾಗಿ ಕರಿಕೋಟು ಹಾಕಿದ್ದೆ. ಕಕ್ಷಿದಾರರಿಲ್ಲದ್ದರಿಂದ ಕೋಟಿನ ಇಸ್ತ್ರಿ ಕೆಡುತ್ತಿರಲಿಲ್ಲ. ಆಗಲೇ ಕಾಕಾ ಹಾವೇರಿಯ ಭಾಂಡೆ ಅಂಗಡಿಯೊಂದರಲ್ಲಿ ಸೌಟು ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದ. ಗುರುತಿಲ್ಲದ ಅಂಗಡಿಯವನಿಗೆ ನಮ್ಮ ಖಾರದಪುಡಿಯ ವ್ಯವಹಾರ ಹೇಗೆ ಗೊತ್ತಾಗಬೇಕು? ಪೊಲೀಸರಿಗೆ ಒಪ್ಪಿಸಿದ. ಕಾಕಾನ ಮಗಳು ಗಿರಿಜಾಳನ್ನು ರಾಣೆಬೆನ್ನೂರಿನವರು ಆಗಷ್ಟೇ ನೋಡಿ ಒಪ್ಪಿದ್ದರು. ಸಂಬಂಧ ಮುರಿದೀತೆಂದು ಚಿಗವ್ವ ಊಟ ಬಿಟ್ಟಳು.

ನನಗೋ ಒಳಗೊಳಗೇ ಹಿಗ್ಗು. ವಾರಪತ್ರಿಕೆಗಳ ಮನೋವೈದ್ಯರ ಅಂಕಣ ತಪ್ಪದೆ ಓದುವ ಪಂಡಿತ ನಾನು. ಇದು ಅಪರಾಧವೇ ಅಲ್ಲ, ಮನಸ್ಸಿನ ಕಾಯಿಲೆ, ಡಾಕ್ಟರ ಸರ್ಟಿಫಿಕೇಟು ತಂದರೆ ಕೇಸು ಬಿದ್ದುಹೋಗುತ್ತದೆ ಎಂದು ಕೋರ್ಟಿನ ಪಡಸಾಲೆಯಲ್ಲಿ ಭಾಷಣ ಬಿಗಿದೆ. ಕಾಕಾ ಪೂರ್ತಿ ಕೇಳಿದ.

"ಹುಚ್ಚ ಅಂತ ಬರಸ್ತಿ ಏನು? ಕಳ್ಳ ಅಂದ್ರ ನಾ ಒಬ್ಬಾವ ಕಳ್ಳ. ಹುಚ್ಚ ಅಂದ್ರ ಗಿರಿಜಾನ ರಕ್ತದಾಗೂ ಹುಡುಕ್ತಾರ. ನಿನಗರ ಯಾರು ಹೆಣ್ಣ ಕೊಡ್ತಾರೋ ತಮ್ಮಾ?"

ಆಗ ನನಗೂ ಹೆಣ್ಣು ನೋಡುತ್ತಿದ್ದರು, ನೋಡಿ. ನನ್ನ ಮನೋವಿಜ್ಞಾನ ಅಲ್ಲಿಗೇ ಮುಗಿಯಿತು.

ನ್ಯಾಯಾಧೀಶರ ಮುಂದೆ ಕಾಕಾ ತಪ್ಪೊಪ್ಪಿಕೊಂಡ. ಯಾಕೆಂದು ಅವರು ಕೇಳಿದರೆ, ಆಸೆಯಾಯಿತು, ಬೇಕಂತಲೇ ತೆಗೆದುಕೊಂಡೆ ಅಂದ. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು. ದಂಡ ಕಟ್ಟಿ ಬಂದೆವು. ಬೀಗರು ನಾಲ್ಕು ದಿನ ಮುಖ ಊದಿಸಿಕೊಂಡರು. ಆಮೇಲೆ, ಹೋಗಲಿ, ಒಂದು ಸೌಟಿನ ಆಸೆ ತಾನೆ ಎಂದು ನಕ್ಕರು. ಮದುವೆಯಲ್ಲಿ ಅಡುಗೆಯವರು ಕಾಕಾನನ್ನು ಕಂಡಲ್ಲೆಲ್ಲ ಸೌಟು ಬಿಗಿಯಾಗಿ ಹಿಡಿದುಕೊಂಡರು. ಕಾಕಾನೂ ನಕ್ಕ. ಸಾಯುವವರೆಗೆ ಊರ ಬಾಯಲ್ಲಿ ಕಳ್ಳನಾಗಿಯೇ ಉಳಿದ.

ಇವತ್ತು ಬೆಳಿಗ್ಗೆ ಬಂದಿದ್ದವಳು ಗಿರಿಜಾ, ರಾಣೆಬೆನ್ನೂರಿನಿಂದ ಮೊದಲ ಬಸ್ಸಿಗೆ. ಮಕ್ಕಳು, ಮಳೆ ಎಲ್ಲ ಮಾತಾಯಿತು. ಆಮೇಲೆ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೇಳಿದಳು:

"ಅಣ್ಣಾ, ಅಪ್ಪ ಬೇಕಂತ ಕದೀತಿದ್ನೋ, ಅಂವಗ ತಡಕೊಳ್ಳಾಕ ಆಗ್ತಿರಲಿಲ್ಲೋ? ಖರೇ ಹೇಳು. ನನಗೂ ತಡಕೊಳ್ಳಾಕ ಆಗವಲ್ದು."

ಗೊತ್ತಿಲ್ಲವ್ವಾ, ಡಾಕ್ಟರನ್ನೇ ಕೇಳೋಣ, ನಾನೂ ಬರುತ್ತೇನೆ ಎಂದೆ. ಅಲ್ಲಿ ಯಾರಾದರೂ ನೋಡಿದರೆ, ಮಗಳ ಮದುವೆ ಮಾಡಬೇಕಲ್ಲ ಎಂದು ಅವಳು ಕಣ್ಣು ತುಂಬಿಕೊಂಡಳು. ನಾನೆಂದೆ:

"ನೋಡಿದ್ರ ನೋಡ್ಲಿ. ಅಣ್ಣಗ ಹುಚ್ಚ ಹಿಡದೈತಿ, ತೋರ್ಸಾಕ ಕರಕೊಂಡ ಬಂದೇನಿ ಅನ್ನು."