‘ಹೋಗ್ಲಿ ಬಿಡ್ರಿ’ ಎಂದ ಸಾಹೇಬರು ತಂತಿಯ ನಡುವೆ ನಿಂತದ್ದು

ಎರಡು ವರ್ಷದ ಹಿಂದಿನ ಡಿಸೆಂಬರ್. ನಾನು ಶಹಾಪುರದಿಂದ ಒಂದು ದಿನದ ಪ್ರವಾಸ ನಡೆಸುವ ಸಣ್ಣ ಸಂಸ್ಥೆಯಲ್ಲಿ ಆಗಲೂ ಗೈಡ್ ಆಗಿದ್ದೆ. ಸುರಪುರದ ಆಚೆ ಕೃಷ್ಣಾ ನದಿಯ ಒಂದು ನಡುಗಡ್ಡೆಗೆ ಗುಂಪುಗಳನ್ನು ಕರೆದೊಯ್ಯುವುದು, ಜಿಪ್‌ಲೈನ್ ಆಡಿಸುವುದು, ಊಟ ಹಾಕಿಸುವುದು, ಸಂಜೆಗೆ ಎಲ್ಲರನ್ನೂ ಜೀವಂತ ವಾಪಸು ತರುವುದು ನನ್ನ ಕೆಲಸ. ಕೊನೆಯದನ್ನು ಜಾಹೀರಾತಿನಲ್ಲಿ ಹಾಕುತ್ತಿರಲಿಲ್ಲ. ನಾನು ಮಾತ್ರ ಹಾಸಿಗೆಯಿಂದ ಏಳುತ್ತಲೇ ಅದನ್ನು ನೆನೆದು ಬೆವರುತ್ತಿದ್ದೆ. ನನಗೆ ಎತ್ತರವೆಂದರೆ ಭಯ. ಎಲ್ಲರೂ ತಂತಿಯ ಮೇಲೆ ಹಾರಿ ಬಂದರೆ, ಗೈಡ್ ಆದ ನಾನು ಅಡಿಗೆ ಪಾತ್ರೆಗಳ ಜತೆ ದೋಣಿಯಲ್ಲಿ ಬರುತ್ತಿದ್ದೆ.

ವ್ಯವಸ್ಥೆ ಸರಳ. ದಂಡೆಯ ಗುಡ್ಡದ ಮೇಲಿಂದ ನಡುಗಡ್ಡೆಯವರೆಗೆ ಉಕ್ಕಿನ ತಂತಿ. ಅದರ ಮೇಲೆ ಓಡುವ ಗಾಲಿಗೆ ಟ್ರಾಲಿ ಎನ್ನುತ್ತಾರೆ. ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ ಹಾರ್ನೆಸ್. ಮೈ ಹಗುರವಿದ್ದು ಎದುರುಗಾಳಿ ಬೀಸಿದರೆ ಮನುಷ್ಯ ದಡ ಮುಟ್ಟದೆ ನಡುವೆಯೇ ನಿಲ್ಲುವುದುಂಟು. ಅದಕ್ಕೆಂದೇ ಟ್ರಾಲಿಗೆ ಒಂದು ಎಳೆಹಗ್ಗ ಕಟ್ಟಿ, ಅದರ ತುದಿಯನ್ನು ಇಳಿಯುವ ಕಡೆ ಇಟ್ಟಿರುತ್ತೇವೆ. ನಾಲ್ಕು ಜನ ಎಳೆದರೆ ಕೆಲಸ ಮುಗಿಯಿತು. ಇನ್ನೊಂದು ನಿಯಮವಿತ್ತು. ಗುಡ್ಡದ ಮೇಲಿದ್ದ ನಮ್ಮ ಹುಸೇನಪ್ಪ ‘ಬಿಡ್ಲೇನ್ರಿ?’ ಎಂದು ಕೇಳಬೇಕು, ಏರಿದವರು ತಮ್ಮ ಬಾಯಿಂದಲೇ ‘ಬಿಡ್ರಿ’ ಎನ್ನಬೇಕು. ಆಮೇಲೆಯೇ ಕೊಂಡಿ ಬಿಡುವುದು. ನಾಳೆ ಯಾರೂ ದೂರಬಾರದು ಎಂದು ನಾನೇ ಮಾಡಿದ್ದ ನಿಯಮ ಅದು.

ಅಂದು ಬಂದದ್ದು ಯಾದಗಿರಿಯ ಒಂದು ಕಚೇರಿಯ ಸಿಬ್ಬಂದಿ. ನಿವೃತ್ತರಾಗಲಿದ್ದ ಅವರ ಸಾಹೇಬರಿಗೆ ಬೀಳ್ಕೊಡುಗೆಯ ಪ್ರವಾಸ. ಸಾಹೇಬರು ಒಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಬಸ್ಸಿನಲ್ಲಿ ಯಾರು ಏನು ಹೇಳಿದರೂ ‘ಹೋಗ್ಲಿ ಬಿಡ್ರಿ’ ಎಂದೇ ಮಾತು ಮುಗಿಸುತ್ತಿದ್ದರು. ಎಂಥ ಸಮಾಧಾನಿ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಸಿಬ್ಬಂದಿಯೆಲ್ಲ ಕೂಗಾಡುತ್ತ ನಡುಗಡ್ಡೆಗೆ ಬಂದಿಳಿದರು. ಸಾಹೇಬರನ್ನು ಗೌರವಕ್ಕೆಂದು ಕೊನೆಗೆ ಉಳಿಸಿದ್ದರು. ನನ್ನ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಗುಡ್ಡದ ಮೇಲಿನ ಮಾತು ಕೇಳುತ್ತಿತ್ತು.

“ಬಿಡ್ಲೇನ್ರಿ ಸಾಹೇಬ್ರ?”

ಕೆಳಗೆ ನೀರು ನೋಡಿದರೇನೋ, ಸಾಹೇಬರ ದನಿ ನಡುಗಿತು. “ಏ ಬ್ಯಾಡಪಾ ನಂಗ... ಹೋಗ್ಲಿ ಬಿಡ್ರಿ.”

ಹುಸೇನಪ್ಪ ನಿಯಮದ ಮನುಷ್ಯ. ಬಿಟ್ಟ.

ಚೀರಿಕೊಳ್ಳುತ್ತ ಬಂದ ಸಾಹೇಬರು ಗಾಳಿಗೆ ಸಿಕ್ಕು ನಿಧಾನವಾದರು, ಹಿಂದೆ ಜಾರಿದರು, ತಂತಿ ಜೋತುಬಿದ್ದ ಜಾಗದಲ್ಲಿ ಹೊಳೆಯ ಮೇಲೆ ನಿಂತೇಬಿಟ್ಟರು. ಬೂಟುಗಾಲುಗಳು ಗಾಳಿಯಲ್ಲಿ ನೆಲ ಹುಡುಕುತ್ತಿದ್ದವು.

ನಡುಗಡ್ಡೆಯಲ್ಲಿ ನಗು ಒಡೆಯಿತು. ಕಚೇರಿಯ ಜವಾನ ಬಸಣ್ಣ, ದೇವಾಪುರದವನು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: “ಸಾಹೇಬ್ರು ಪೆಂಡಿಂಗ್ ಬಿದ್ದಾರ್ರೋ!”

“ಇಳಸ್ರೋ ನನ್ನ!”

“ಅರ್ಜಿ ಬರದು ಕೊಡ್ರಿ ಸಾಹೇಬ್ರ! ಮುಂದಿನ ವಾರ ನೋಡೋಣಂತ!”

ಮೊಬೈಲುಗಳೆಲ್ಲ ಮೇಲೆದ್ದವು. ನಾನು ಹಗ್ಗದ ತುದಿ ಹಿಡಿದು, “ನಾಕು ಮಂದಿ ಬರ್ರಿ, ಜಲ್ದಿ” ಎಂದೆ. ಯಾರೂ ಬರಲಿಲ್ಲ. ತಮಾಷೆಗೆ ತಡ ಮಾಡುತ್ತಿದ್ದಾರೆ ಎಂದುಕೊಂಡೆ. ಹಾರ್ನೆಸ್‌ನಲ್ಲಿ ಬಹಳ ಹೊತ್ತು ನೇತಾಡಿದರೆ ತೊಡೆಯ ಪಟ್ಟಿ ಬಿಗಿದು ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಎಚ್ಚರ ತಪ್ಪುತ್ತದೆ, ಜೀವಕ್ಕೂ ಕುತ್ತು. ಇದಕ್ಕೆ ಸಸ್ಪೆನ್ಷನ್ ಟ್ರಾಮಾ ಎನ್ನುತ್ತಾರೆ ಎಂದು ತರಬೇತಿಯಲ್ಲಿ ಕೇಳಿದ ರಾತ್ರಿಯಿಡೀ ನಾನು ನಿದ್ದೆಗೆಟ್ಟಿದ್ದೆ. ಅದನ್ನೇ ಒದರಿ ಹೇಳಿದೆ.

ನಗು ನಿಂತಿತು. ಆದರೂ ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಒಬ್ಬ ಹೆಂಗಸಿನ ಕಡೆ ನೋಡಿದರು. ಬಂಡೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದ ಗುಮಾಸ್ತೆ ಶಾಂತಮ್ಮ. ಬೆಳಗಿನಿಂದ ಆಕೆ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ.

“ಸಾಯೋವಂಥಾದ್ದೇನ್ರಿ?” ಎಂದು ಆಕೆ ನನ್ನನ್ನು ಕೇಳಿದರು.

“ತಡ ಆದ್ರ ಸಾಯಬಹುದ್ರೀ ಅಕ್ಕಾರ.”

ಆಕೆ ಹೊಳೆಯ ಕಡೆ ನೋಡಿದರು. “ಹೋಗ್ಲಿ ಬಿಡ್ರಿ. ಹ್ಯಾಂಗೂ ವಯಸ್ಸಾಗ್ಯದ.”

ಕೈಯಲ್ಲಿನ ಚಾಕು ಮತ್ತೆ ಸೌತೆಕಾಯಿಗೆ ಹೋಯಿತು.

ಬಸಣ್ಣ ನನ್ನ ಕಿವಿಯ ಹತ್ತಿರ ಬಂದ. “ಇವ್ರವ್ವ ಕಲಬುರಗಿ ದವಾಖಾನ್ಯಾಗ ಇದ್ಳ್ರಿ. ರಜಾ ಕೇಳಿದ್ರ ಸಾಹೇಬ್ರು ಕೊಡ್ಲಿಲ್ಲ, ಆಡಿಟ್ ಅದ ಅಂದ್ರು. ಮುದುಕಿ ಸತ್ತ ಫೋನ್ ಕಚೇರಿಗೇ ಬಂತು. ಆವಾಗ ಸಾಹೇಬ್ರು ಅಂದಿದ್ದು ಇದೇ ಮಾತ್ರಿ. ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ.”

ಅಷ್ಟರಲ್ಲಿ ತಂತಿಯ ಮೇಲೆ ಬೂಟುಗಾಲುಗಳ ಆಟ ನಿಂತಿತ್ತು. ಸಾಹೇಬರ ತಲೆ ಎದೆಯ ಮೇಲೆ ಬಾಗಿತು. ಜೇಬಿನ ಪೆನ್ನು ಜಾರಿ ಹೊಳೆಗೆ ಬಿತ್ತು.

ನಾನು ಹಗ್ಗ ಜಗ್ಗಿದೆ. ಒಬ್ಬನ ಕೈಗೆ ಅದು ಎಲ್ಲಿಂದ ಬರಬೇಕು? ಅಂಗೈ ಸುಲಿಯಿತು. “ಬಸಣ್ಣ, ನಿನ್ ಕೈ ಮುಗೀತೀನೋ” ಎಂದೆ. ಬಸಣ್ಣ ಶಾಂತಮ್ಮನ ಮುಖ ನೋಡಿದ. ಆಕೆ ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಕೊನೆಗೆ ಮೊಬೈಲು ಜೇಬಿಗೆ ಹಾಕಿ ಹಗ್ಗ ಹಿಡಿದ. ಅವನ ಹಿಂದೆ ಇನ್ನಿಬ್ಬರು ಬಂದರು, ಯಾರದೋ ಸಾಮಾನು ಎಳೆಯುವವರ ಹಾಗೆ.

ಸಾಹೇಬರನ್ನು ಇಳಿಸಿ, ಪಟ್ಟಿ ಸಡಿಲಿಸಿ ಮಲಗಿಸಿದೆವು. ಪುಣ್ಯಕ್ಕೆ ಉಸಿರಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ಸುತ್ತ ನಿಂತವರನ್ನು ನೋಡಿ ಅವರ ಕಣ್ಣು ತುಂಬಿತು.

“ಎಲ್ಲಾರೂ ಸೇರಿ ಎಳದ್ರೇನಪಾ?”

“ಹೌದ್ರೀ ಸರ್” ಎಂದೆ ನಾನು. ರೋಗಿಗೆ ಧೈರ್ಯ ಹೇಳಬೇಕೆಂದು ತರಬೇತಿಯಲ್ಲಿತ್ತು.

“ನಾ ಎಳದಿಲ್ರಿ ಸರ್” ಎಂದರು ಶಾಂತಮ್ಮ, ಕೂತಲ್ಲಿಂದಲೇ.

ಸಾಹೇಬರು ಅತ್ತ ಹೊರಳಿ, “ಹೋಗ್ಲಿ...” ಎಂದರು. ಮುಂದಿನ ಮಾತಿಗೆ ತೆರೆದ ಬಾಯಿ ಹಾಗೆಯೇ ಇತ್ತು. ಆಮೇಲೆ ಮುಚ್ಚಿತು.

ಆಸ್ಪತ್ರೆಗೆ ಹೋಗೋಣವೆಂದರೆ ಅವರು ಒಪ್ಪಲಿಲ್ಲ. ಒತ್ತಾಯಿಸಿದೆ, ಸನ್ಮಾನ ಮುಗಿಯಲಿ ಎಂದರು. ಮುಗಿಯಿತು. ಕಾಲು ನಡುಗುತ್ತಿದ್ದ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ, ಪಟ್ಟಿ ಬಿಗಿದು ಕಂದಿದ್ದ ಜಾಗದಲ್ಲೇ ಇಟ್ಟರು. ಸಾಹೇಬರು ತಮ್ಮನ್ನು ಮನೆಯ ಮಕ್ಕಳಂತೆ ನೋಡಿಕೊಂಡರೆಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಚಪ್ಪಾಳೆಯಂತೂ ಜೋರಿತ್ತು. ಅಲ್ಲಿಂದ ನೇರ ಸುರಪುರದ ದವಾಖಾನೆಗೆ ನಾನೇ ಕರೆದೊಯ್ದೆ. ದಾರಿಯುದ್ದಕ್ಕೂ ಅವರು ಶಾಲಿನ ಅಂಚು ಮಡಿಸುತ್ತ, ಬಿಚ್ಚುತ್ತ ಕೂತಿದ್ದರು.

ಆ ವಾರವೇ ನಿಯಮ ಬದಲಿಸಿದೆ. ಈಗ ಏರಿದವರು ‘ಬಿಡ್ರಿ’ ಎಂದರೆ ನಾವು ಬಿಡುವುದಿಲ್ಲ, ಕೈ ಎತ್ತಿ ಹೆಬ್ಬೆರಳು ತೋರಿಸಬೇಕು. ಅದು ಸುಲಭದ ಪಾಠ. ಇನ್ನೊಂದಕ್ಕೆ ನನಗೆ ಸಮಯ ಹಿಡಿಯಿತು. ತಂತಿ, ಕೊಂಡಿ, ಗಾಳಿ, ತೂಕ ಎಲ್ಲವನ್ನೂ ಪರೀಕ್ಷಿಸುತ್ತಿದ್ದ ನಾನು ಗುಂಪನ್ನು ಗುಂಪೆಂದೇ ನಂಬಿಬಿಟ್ಟಿದ್ದೆ. ಈಗ ಹಾರ್ನೆಸ್ ಬಿಗಿಯುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತೇನೆ: “ನಡುವ ನಿಂತ್ರ ನಿಮ್ಮ ಹಗ್ಗ ಎಳೆಯೋರು ಯಾರ್ರಿ? ನಾಕು ಹೆಸರು ಹೇಳ್ರಿ.” ಜನ ನಗುತ್ತ ಹೇಳುತ್ತಾರೆ. ಮೂರನೆಯ ಹೆಸರಿಗೆ ಕೆಲವರ ನಗು ನಿಲ್ಲುತ್ತದೆ. ಅಂಥವರನ್ನು ದೋಣಿಯಲ್ಲಿ ನನ್ನ ಜತೆ ಕೂರಿಸಿಕೊಳ್ಳುತ್ತೇನೆ.

ನಾನು ಇವತ್ತಿಗೂ ಆ ತಂತಿ ಏರಿಲ್ಲ. ಕೇಳಿದವರಿಗೆ ಎತ್ತರದ ಭಯವೆಂದೇ ಹೇಳುತ್ತೇನೆ.