ದೊರೆಸಾನಿಯ ಸೋಪು

ಸೋಪೆಂದರೆ ಮೈಗೆ ಹಚ್ಚಿಕೊಳ್ಳುವುದು, ಬಟ್ಟೆಗೆ ತಿಕ್ಕುವುದು, ನೆಂಟರು ಬಂದಾಗ ಹೊಸದನ್ನು ಒಡೆಯುವುದು ಎಂಬಿಷ್ಟೇ ಜ್ಞಾನಸಂಪತ್ತನ್ನು ಹೊತ್ತು ಎಂಬತ್ತರ ದಶಕದ ಆರಂಭದಲ್ಲಿ ಮೈಸೂರಿನಿಂದ ಅಮೆರಿಕದ ಹೇವರ್ಡಿಗೆ ಬಂದಿಳಿದವನು ನಾನು. ಬಂದ ವಾರದಲ್ಲೇ ಅಪಾರ್ಟ್‌ಮೆಂಟಿನ ಪಕ್ಕದ ಮನೆಯ ಇಂಗ್ಲೆಂಡಿನ ವೃದ್ಧೆಯೊಬ್ಬರು ನನ್ನ ಹೆಂಡತಿ ಸುಮಿತ್ರೆಗೆ, ಮಧ್ಯಾಹ್ನದ ಹೊತ್ತು ಮಾತ್ರ ಬಾಗಿಲು ತಟ್ಟಬೇಡಿ, ಅದು ನನ್ನ ಸೋಪುಗಳ ಸಮಯ ಎಂದು ವಿನಯದಿಂದ ತಿಳಿಸಿದರು. ಸೋಪು ಬಹುವಚನದಲ್ಲಿದ್ದುದನ್ನು ಗಮನಿಸಿ ನಾವಿಬ್ಬರೂ ಆ ಶುಚಿತ್ವಕ್ಕೆ ತಲೆದೂಗಿದೆವು. ಅಭ್ಯಂಜನ ನಮ್ಮವರದೊಂದೇ ಸ್ವತ್ತಲ್ಲವೆಂದು ಒಪ್ಪಿ, ಆ ಹೊತ್ತಿನಲ್ಲಿ ನಮ್ಮ ನಲ್ಲಿಯನ್ನು ತಿರುಗಿಸದೆ, ಕಟ್ಟಡದ ಬಿಸಿನೀರನ್ನೆಲ್ಲ ಆಕೆಗೇ ಬಿಟ್ಟುಕೊಟ್ಟೆವು.

ಸತ್ಯ ಹೊರಬಿದ್ದದ್ದು ಚಕ್ಕುಲಿಯಿಂದ. ಒಂದು ಮಧ್ಯಾಹ್ನ ಸುಮಿತ್ರೆ, ಆಣತಿ ಮರೆತು, ಬಿಸಿ ಚಕ್ಕುಲಿಯ ತಟ್ಟೆಯೊಂದಿಗೆ ಅವರ ಬಾಗಿಲ ಬಳಿ ನಿಂತಾಗ ಒಳಗೆ ಯಾರೋ ಒಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳಂತೆ; ಅಜ್ಜಿ ಗಟ್ಟಿ ದನಿಯಲ್ಲಿ, "ಈಗಲೇ ಅತ್ತುಬಿಟ್ಟರೆ ನಾಳೆ ಏನು ಮಾಡ್ತೀಯೇ, ಮೂರ್ಖಳೇ" ಎಂದು ಗದರಿಸುತ್ತಿದ್ದರಂತೆ. ಅಳುತ್ತಿದ್ದವಳು ಟೀವಿಯೊಳಗಿದ್ದಳು. ಹಿಂದೆ ಸೋಪು ಕಂಪನಿಗಳ ಜಾಹೀರಾತಿನಿಂದ ನಡೆಯುತ್ತಿದ್ದ ಕಾರಣಕ್ಕೆ ಕಂತುಕಂತಾಗಿ ಮುಂದುವರಿಯುವ ಇಂಥ ಧಾರಾವಾಹಿಗಳಿಗೆ ಆ ಹೆಸರು ಅಂಟಿಕೊಂಡಿತೆಂದೂ, ತಾವು ಇಂಗ್ಲೆಂಡಿನಲ್ಲಿ ಬಹುಕಾಲ ಅಂಥದ್ದನ್ನೇ ಹುಟ್ಟಿಸಿ ಸಾಕಿದವರೆಂದೂ ಅವರು ಚಕ್ಕುಲಿ ಕಡಿಯುತ್ತ ವಿವರಿಸಿದರು. ಹೆಸರು ಡೋರೀನ್. ಹಿರಿಯರನ್ನು ಬರಿಯ ಹೆಸರಿನಿಂದ ಕರೆಯಲಾರದ ಸುಮಿತ್ರೆ ಅದನ್ನು ಎಳೆದು ಬಗ್ಗಿಸಿ ದೊರೆಸಾನಿ ಎಂದು ಮಾಡಿಬಿಟ್ಟಳು. ಅರ್ಥ ತಿಳಿದ ಮೇಲೆ ಡೋರೀನ್ ಬೇರಾವ ಹೆಸರಿಗೂ ಓಗೊಡಲಿಲ್ಲ.

ದೊರೆಸಾನಿಯ ವೃತ್ತಿಜೀವನ ಶುರುವಾದದ್ದು ಟೀವಿ ಕಂಪನಿಯೊಂದರ ಬೆರಳಚ್ಚು ಕೋಣೆಯಲ್ಲಿ. ಗಂಡಸರು ಬರೆದ ನಾಟಕಗಳನ್ನು ಟೈಪು ಮಾಡುವಾಗ ಅಡುಗೆಮನೆಯ ಮಾತುಗಳು ಕೋರ್ಟಿನ ವಾದದಂತೆ ಕಾಣಿಸಿ, ಆಕೆ ಯಾರನ್ನೂ ಕೇಳದೆ ತಿದ್ದಿಬಿಡುತ್ತಿದ್ದರು. ಸಿಕ್ಕಿಬಿದ್ದಾಗ ಯಜಮಾನರು ಬೈಯುವುದರ ಬದಲು, ಹಾಗಾದರೆ ನೀನೇ ಬರೆ ಎಂದರು. ಬೆದರಿಕೆ ಎಂದುಕೊಂಡಿದ್ದ ಆ ಮಾತು ಅವಕಾಶವಾಯಿತು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿಯೊಂದರ ಹೆಂಗಸರ ಕಥೆಯನ್ನು ಅವರು ಶುರುಮಾಡಿದರು; ಊರಿನ ಕೊಳೆಯೆಲ್ಲ ಬಂದು ಬೀಳುವ ಜಾಗದಲ್ಲಿ ಕಥೆಗೇನು ಬರ? ವಾರಕ್ಕೆರಡು ಸಂಜೆ ಆ ದೇಶದ ಅರ್ಧ ಜನ ಎಥೆಲ್ ಎಂಬ ಇಸ್ತ್ರಿಯವಳ ಬಾಯಿಯ ಬಿಸಿಯನ್ನು ಕೇಳಲು ಕುಳಿತಿರುತ್ತಿದ್ದರಂತೆ. ಎಷ್ಟೋ ವರ್ಷದ ಮೇಲೆ ದೊರೆಸಾನಿ ಆ ಕೆಲಸ ಬಿಟ್ಟು, ನರ್ಸಾಗಿದ್ದ ಮಗಳು ಇರುವ ಊರೆಂದು ಹೇವರ್ಡಿಗೆ ಬಂದಿದ್ದರು. ಯಾಕೆ ಬಿಟ್ಟಿರಿ ಎಂದರೆ ಟೀವಿಯ ದನಿ ಏರಿಸುತ್ತಿದ್ದರು.

ಈ ಮಧ್ಯೆ ನನ್ನ ನಾಟಕಕಾರತ್ವವನ್ನು ಪರಿಚಯಿಸಲೇಬೇಕು. ನಾನೇ ಪರಿಚಯಿಸದಿದ್ದರೆ ಇನ್ನಾರೂ ಪರಿಚಯಿಸುವ ಸಂಭವವಿಲ್ಲ. ಸುತ್ತಲಿನ ಕನ್ನಡ ಸಂಸಾರಗಳು ತಿಂಗಳಿಗೊಮ್ಮೆ ಶಾಲೆಯೊಂದರ ಹಾಲಿನಲ್ಲಿ ಸೇರುತ್ತಿದ್ದೆವು. ಮೊದಲು ಊಟ, ಆಮೇಲೆ ನನ್ನ ಪೌರಾಣಿಕ ನಾಟಕ. ಬಿಸಿಬೇಳೆಭಾತು ಇರುವವರೆಗೆ ತುಂಬಿತುಳುಕುತ್ತಿದ್ದ ಸಭೆ, ನನ್ನ ಮಹಾರಾಜ ಸಿಂಹಾಸನವೇರುವಷ್ಟರಲ್ಲಿ, ಫ್ರೀವೇ ಟ್ರಾಫಿಕ್ಕು ಎಂಬ ಏಕಮಂತ್ರ ಜಪಿಸುತ್ತ ಕರಗಿಹೋಗುತ್ತಿತ್ತು. ಒಮ್ಮೆ ದೊರೆಸಾನಿಯನ್ನು ಕರೆದೊಯ್ದೆ. ಒಂದಕ್ಷರ ತಿಳಿಯದಿದ್ದರೂ ಕೊನೆತನಕ ಕುಳಿತಿದ್ದವರು ಅವರೊಬ್ಬರೇ. ಹಿಂದಿರುಗುವಾಗ ಕಾರಿನಲ್ಲಿ, "ನಿಮ್ಮ ರಾಜನಿಗೆ ಏನು ಬೇಕು?" ಎಂದು ಕೇಳಿದರು. ಧರ್ಮ, ಕರ್ತವ್ಯ, ಲೋಕಕಲ್ಯಾಣ ಎಂದೆಲ್ಲ ಹೇಳಿದೆ. "ಅದಲ್ಲ, ಆ ನಿಮಿಷಕ್ಕೆ ಏನು ಬೇಕು? ಒಂದು ಲೋಟ ನೀರೂ ಬೇಡವೇ?" ಎಂದರು. ನಾನು ಇಂಡಿಕೇಟರ್ ಹಾಕಿದೆ.

ಮುಂದಿನ ತಿಂಗಳಿನಿಂದ ಮಹಾರಾಜ ಸಿಂಹಾಸನ ತ್ಯಜಿಸಿದ. ಅವನ ಜಾಗಕ್ಕೆ, ಮಗನ ಮನೆಯಲ್ಲಿ ಆರು ತಿಂಗಳು ಇದ್ದುಹೋಗಲು ಧಾರವಾಡದಿಂದ ಗಂಗಮ್ಮ ಎಂಬ ಅತ್ತೆ ಬಂದಿಳಿದಳು. ದೊರೆಸಾನಿಯ ಸಲಹೆಯಂತೆ ಅದು ಮುಗಿಯದ ನಾಟಕ. ಪ್ರತಿ ತಿಂಗಳೂ ಒಂದು ಕಂತು, ಪ್ರತಿ ಕಂತಿನ ಕೊನೆಯಲ್ಲಿ ಒಂದು ಗಂಡಾಂತರ, ಗಂಡಾಂತರದ ನಂತರವೇ ಊಟ. ಗಂಗಮ್ಮನ ಪಾತ್ರಕ್ಕೆ ಸಿಕ್ಕವರು ಮಗಳ ಮನೆಯಲ್ಲಿ ನೆಲೆಸಿದ್ದ ಶಾಂತಾಬಾಯಿ, ಅಸಲಿ ಧಾರವಾಡದವರು. ಗಂಗಮ್ಮ ಫ್ರಿಜ್ಜಿಗೂ ಸುಸ್ತಾಗುತ್ತದೆಂದು ಸಂಜೆ ಅದರ ಪ್ಲಗ್ಗು ಕೀಳುತ್ತಿದ್ದಳು. ಫೋನೆತ್ತಿ, ಟೆಲಿಫೋನ್ ಆಪರೇಟರ್ ಹುಡುಗಿಯ ಮದುವೆಯ ವಿಚಾರ ಮಾತಾಡುತ್ತಿದ್ದಳು. ಗುಟ್ಟಾಗಿ ಕಾರು ಕಲಿಯುತ್ತಿದ್ದ ಸೊಸೆಯನ್ನು ಹಿಂದಿನ ಸೀಟಿನಲ್ಲಿ ಅಡಗಿ ಕುಳಿತು ಪತ್ತೆ ಹಚ್ಚಿದ ಕಂತಿನ ಮೇಲಂತೂ, ಪಾಲೋ ಆಲ್ಟೋ ಕಡೆಯ ದೊಡ್ಡ ಮನುಷ್ಯರು ಕೂಡ ಮುಂದಿನ ಸಾಲಿನ ಕುರ್ಚಿಗೆ ಕರವಸ್ತ್ರ ಹಾಕತೊಡಗಿದರು.

ಕೀರ್ತಿ ಬಂದಮೇಲೆ ಅಪಕೀರ್ತಿಗೆ ವಿಳಾಸ ಹುಡುಕುವ ಕಷ್ಟವಿರುವುದಿಲ್ಲ. ನಮ್ಮ ಕನ್ನಡ ಕೂಟದ ಅಧ್ಯಕ್ಷರಾದ ಜಯರಾಮ್ ಎಂಬ ಎಂಜಿನಿಯರು ಒಂದು ಸಂಜೆ ಮನೆಗೆ ಬಂದು, ಕಾಫಿಯನ್ನು ಮುಟ್ಟದೆ, ಮುಖ ಗಂಟು ಹಾಕಿಕೊಂಡು ಕುಳಿತರು.

"ನಮ್ಮತ್ತೆ ಫ್ರಿಜ್ ಆಫ್ ಮಾಡ್ತಾರೆ ಅಂತ ನಿಮಗೆ ಯಾರ್ ಹೇಳಿದ್ದು? ಮೊನ್ನೆ ನಾಟಕ ಮುಗಿದ್ಮೇಲೆ ಕಾರಲ್ಲಿ ಫ್ರೀವೇ ಉದ್ದಕ್ಕೂ ಒಂದು ಮಾತಾಡ್ಲಿಲ್ಲ ಅವರು. ಊಟಾನೂ ಬಿಟ್ಟಿದಾರೆ."

ಯಾರೂ ಹೇಳಿರಲಿಲ್ಲ. ಆದರೆ ಇನ್ನೊಬ್ಬರ ಅತ್ತೆಯೂ ಗಂಗಮ್ಮನೆಂದರೆ ತಾನೇ ಎಂದು ನೊಂದಿದ್ದರು. ಮತ್ತೊಬ್ಬರ ಅತ್ತೆ, ಅವರಿವರ ಬಗ್ಗೆ ಬರೆದು ತನ್ನ ಬಗ್ಗೆ ಯಾಕೆ ಬರೆಯಲಿಲ್ಲವೆಂದು ಅದಕ್ಕಿಂತ ಹೆಚ್ಚು ನೊಂದಿದ್ದರು. ಸಮಿತಿಯ ತೀರ್ಮಾನ ಸರಳವಾಗಿತ್ತು: ಮುಂದಿನ ಕಂತಿನಲ್ಲಿ ಗಂಗಮ್ಮನನ್ನು ವಿಮಾನ ಹತ್ತಿಸಿಬಿಡಿ. ನಾನು ಶಾಂತಿಪ್ರಿಯ, ಅಂದರೆ ಪುಕ್ಕಲ. ಆಗಲಿ ಎಂದು ತಲೆಯಾಡಿಸಿಬಿಟ್ಟೆ.

ಮರುದಿನ ಇದನ್ನು ತಮಾಷೆಯಾಗಿ ಹೇಳಿದಾಗ ದೊರೆಸಾನಿ ಎದ್ದುಹೋಗಿ ಟೀವಿ ಆರಿಸಿದರು. ಸೋಪಿನ ಹೊತ್ತಿನಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅವರ ಟೀವಿ ಕಂಪನಿಗೆ ಹೊಸ ಯಜಮಾನರು ಬಂದು, ಮನೆಮನೆಗೂ ಒಗೆಯುವ ಮೆಷಿನ್ನು ಬಂದ ಕಾಲದಲ್ಲಿ ಲಾಂಡ್ರಿ ಯಾರಿಗೆ ಬೇಕು, ಅದನ್ನು ಹೋಟೆಲು ಮಾಡೋಣ, ಮುದುಕಿ ಎಥೆಲ್‌ಳನ್ನು ತೆಗೆಯೋಣ ಎಂದರಂತೆ. ಎಥೆಲ್ ಎಂದರೆ ದೊರೆಸಾನಿ ತಮ್ಮ ತಾಯಿಯನ್ನೇ ನೋಡಿ ಬರೆದ ಪಾತ್ರ. ಅವರ ಮಾತು, ಅವರ ನಡಿಗೆ, ಅವರ ಸಿಡುಕು. ದೊರೆಸಾನಿ ಆಗದು ಎಂದರು. ಒಪ್ಪದವರನ್ನು ಹೊರಗೆ ಕಳಿಸಿ ಕಥೆಯನ್ನು ಬೇರೆಯವರಿಗೆ ಕೊಡಲಾಯಿತು.

"ಎಥೆಲ್ ಬಸ್ಸಿಗೆ ಸಿಕ್ಕಿ ಸತ್ತದ್ದು ನನಗೆ ತಿಳಿದದ್ದು ಎಲ್ಲರ ಹಾಗೆಯೇ, ಟೀವಿ ನೋಡುವಾಗ," ಎಂದರು. "ಕೊನೆಗೆ ಒಂದು ಮಾತನ್ನೂ ಆಡಿಸಲಿಲ್ಲ. ಎಥೆಲ್ ಮಾತಾಡದೆ ಸಾಯುವವಳೇ ಅಲ್ಲ."

ಆ ಸಂಜೆ ಜಯರಾಮರಿಗೆ ಫೋನು ಮಾಡಿ, ಗಂಗಮ್ಮನನ್ನು ಕಳಿಸಲು ನನ್ನಿಂದಾಗದು ಎಂದೆ. ಜೀವನದಲ್ಲಿ ನಾನು ತೋರಿದ ಅಪರೂಪದ ಧೈರ್ಯವಾದ್ದರಿಂದ ಅದರ ಪರಿಣಾಮವನ್ನು ಊಹಿಸುವ ಅಭ್ಯಾಸ ನನಗಿರಲಿಲ್ಲ. ಅವರು, "ಸರಿ ಬಿಡಿ, ನಾನೇ ಬರ್ಕೊತೀನಿ" ಎಂದರು. ನನ್ನ ಅತ್ತೆಯನ್ನು, ಅಂದರೆ ನಾನು ಸೃಷ್ಟಿಸಿದ ಅತ್ತೆಯನ್ನು, ಬೇರೊಬ್ಬ ಅಳಿಯ ಊರಿಗೆ ಕಳಿಸುವುದನ್ನು ನೋಡಲು ನಾನೂ ಸುಮಿತ್ರೆಯೂ ದೊರೆಸಾನಿಯೂ ಹಿಂದಿನ ಸಾಲಿನಲ್ಲಿ ಕುಳಿತೆವು. ಊಟದ ಮೇಜಿನ ಮೇಲಿದ್ದ ಚಹಾವನ್ನು ದೊರೆಸಾನಿ, ನಾಟಕದ ನಂತರವೇ ಎಂಬ ನಿಯಮ ಮುರಿದು, ಮೊದಲೇ ಬಗ್ಗಿಸಿಕೊಂಡು ಬಂದಿದ್ದರು.

ಜಯರಾಮರ ಕಂತು ಎಂಜಿನಿಯರರ ಕೆಲಸದಂತೆ ನೇರವಾಗಿತ್ತು. ಸೂಟ್‌ಕೇಸು ಬಂತು, ಮಗ ಕಾಲಿಗೆ ಬಿದ್ದ, ಸೊಸೆ ಕಣ್ಣೊರೆಸಿಕೊಂಡಳು, ಗಂಗಮ್ಮ ಕೈಬೀಸಿ ಪರದೆಯ ಹಿಂದೆ ಮರೆಯಾದಳು. ಮಗ, ಮನೆ ಎಷ್ಟು ಖಾಲಿಯಾಯಿತು ಎಂಬ ಕೊನೆಯ ಮಾತಿಗೆ ಬಾಯಿ ತೆರೆದ. ಅಷ್ಟರಲ್ಲಿ ಸೂಟ್‌ಕೇಸನ್ನು ಎಳೆದುಕೊಂಡು ಶಾಂತಾಬಾಯಿ ವಾಪಸು ಬಂದರು. ರಂಗದ ನಡುವೆ ಅದನ್ನು ಅಡ್ಡ ಮಲಗಿಸಿ, ಅದರ ಮೇಲೆ ಪಟ್ಟಾಗಿ ಕುಳಿತರು.

"ವೀಸಾ ಇನ್ನೂ ಅದ. ಯಾರ ಹೇಳಿದ್ರೂ ನಾ ಎಲ್ಲಿಗೂ ಹೋಗೂದಿಲ್ಲ. ಮೊದಲ ಒಂದು ಕಪ್ ಚಹಾ ಕೊಡ್ರಿ."

ಆಗ ಸಭೆಯಿಂದೆದ್ದ ನಗೆಯಲ್ಲಿ ಜಯರಾಮರ ಅತ್ತೆಯದೇ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿತು. ಮಗನ ಪಾತ್ರದವನು ಕಕ್ಕಾಬಿಕ್ಕಿಯಾಗಿ ಪರದೆಯತ್ತ ನೋಡುತ್ತಿದ್ದ. ಪರದೆಯ ಹಿಂದೆ ಜಯರಾಮರು ಹಾಳೆ ತಿರುವುತ್ತಿದ್ದರು. ಅವರ ಕಂತಿನಲ್ಲಿ ಚಹಾ ಇರಲಿಲ್ಲ. ಶಾಂತಾಬಾಯಿ ಏನಂದರು ಎಂದು ದೊರೆಸಾನಿ ನನ್ನ ತೋಳು ಜಗ್ಗಿದರು. ಹೇಳಿದೆ. ಅವರು ಎದ್ದು, ಕುರ್ಚಿಗಳ ನಡುವೆ ನಿಧಾನವಾಗಿ ನಡೆದು, ಮೆಟ್ಟಿಲು ಹತ್ತಿ, ತಮ್ಮ ಕೈಯಲ್ಲಿದ್ದ ಕಪ್ಪನ್ನು ಎರಡೂ ಕೈಯಿಂದ ಶಾಂತಾಬಾಯಿಗೆ ಕೊಟ್ಟು, ಪಕ್ಕದಲ್ಲೇ ನಿಂತುಬಿಟ್ಟರು. ನಗುತ್ತಿದ್ದಾರೆಂದು ಸಭೆ ತಿಳಿಯಿತು. ಕಣ್ಣೊರೆಸಿಕೊಳ್ಳುತ್ತಿದ್ದರು.

ಶಾಂತಾಬಾಯಿ ಒಂದು ಗುಟುಕು ಕುಡಿದು, ಸಕ್ಕರೆಯಿಲ್ಲದ ಚಹಾಕ್ಕೆ ಮುಖ ಕಿವುಚಿ, ದೊರೆಸಾನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೂಟ್‌ಕೇಸಿನ ಮೇಲೆ ಸರಿದು ಜಾಗ ಮಾಡಿದರು.

"ಕೂಡ್ರಿ ಇಲ್ಲೆ. ಸಕ್ಕರಿ ಹಾಕೂದು ನಿಮಗ ನಾ ಕಲಿಸ್ತೀನಿ."