ನರಹರಿರಾಯರ ಎಡಗೈ

ನಾನು ಮಾತಿನಿಂದಲೇ ಹೊಟ್ಟೆ ಹೊರೆದವನು. ಕಾಲೇಜಿನಲ್ಲಿ ಹುಡುಗರಿಗೆ ತರ್ಕಶಾಸ್ತ್ರ ಹೇಳುತ್ತಿದ್ದೆ. ಮನೆಗೆ ಬಂದ ಮೇಲೆ ಅದೇ ಗುಂಗಿನಲ್ಲಿ ಹೆಂಡತಿಗೂ ಹೇಳುತ್ತಿದ್ದೆ. ಆಕೆ ಹೆರಿಗೆಗೆಂದು ತವರಿಗೆ ಹೊರಟ ದಿನ, ರೈಲಿನ ಕಿಟಕಿಯಲ್ಲಿ ಕಂಡ ಆ ಮುಖದಲ್ಲಿ ಅಗಲಿಕೆಯ ದುಃಖಕ್ಕಿಂತ ಕಿವಿಗೆ ಬಿಡುವು ಸಿಕ್ಕಿತೆಂಬ ನೆಮ್ಮದಿಯೇ ಹೆಚ್ಚಾಗಿತ್ತೆಂದು ನನಗೆ ಈಗಲೂ ಗುಮಾನಿ. ಇಂಥ ನಾನು ಮಾತು ಎಂದರೇನೆಂದು ಕಲಿತದ್ದು, ಊಟಕ್ಕೆ ಕುಳಿತರೆ ತುಟಿ ಬಿಚ್ಚದ ಒಬ್ಬ ಮುದುಕರಿಂದ ಮತ್ತು ಕಿವಿ ಕೇಳದ ಒಂದು ಮಗುವಿನಿಂದ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬನಶಂಕರಿಯ ಕಡೆ ಕಣ್ಣು ಹಾಯಿಸಿದರೆ ರಾಗಿ ಹೊಲ. ಸರ್ವೆ ಇಲಾಖೆಯಿಂದ ನಿವೃತ್ತರಾದ ನರಹರಿರಾಯರು ಕಟ್ಟಿಸಿದ ಮನೆಯ ಔಟ್‌ಹೌಸಿನಲ್ಲಿ ನಾವು ಬಾಡಿಗೆಗಿದ್ದೆವು. ಅವರ ಮಗ ಕಾರ್ಖಾನೆಯ ಪಾಳಿಗೆ ಹೋದರೆ ಮನೆಯಲ್ಲಿ ಉಳಿಯುವವರು ರಾಯರು, ಸೊಸೆ ಸುಶೀಲಮ್ಮ, ಮೊಮ್ಮಗಳು ವತ್ಸಲೆ. ನಮ್ಮದು ಬೆಳಗಿನ ಕಾಲೇಜು. ಹೆಂಡತಿ ಬರುವವರೆಗೆ ನನ್ನ ಮಧ್ಯಾಹ್ನದ ಊಟ ಅವರಲ್ಲೇ ಆಗಬೇಕೆಂದು ರಾಯರು ಅಪ್ಪಣೆ ಮಾಡಿದರು.

ವತ್ಸಲೆಗೆ ನಾಲ್ಕು ತುಂಬುತ್ತ ಬಂದಿದ್ದರೂ ಮಾತು ಬಂದಿರಲಿಲ್ಲ. ಬಂಧುಗಳು ಬಜೆ ತೇದು ನಾಲಿಗೆಗೆ ಹಚ್ಚಿಸಿದರು. ಚಿಕ್ಕಲಸಂದ್ರದಿಂದ ಹಾಲು ತರುತ್ತಿದ್ದ ಗೌಡರು ದೇವರಿಗೆ ಗಂಟೆ ಕಟ್ಟಿಸುತ್ತೇವೆಂದು ಹರಕೆ ಹೊರಿ ಎಂದರು. ಕೊನೆಗೆ ಆಸ್ಪತ್ರೆಯ ವೈದ್ಯರು, ನಾಲಿಗೆ ಸರಿಯಾಗಿಯೇ ಇದೆ, ಕಿವಿ ಕೇಳುವುದಿಲ್ಲ ಎಂದರು. ಅಂದಿನಿಂದ ಮನೆಯವರು ಒಂದು ವಿಚಿತ್ರ ಕೆಲಸ ಮಾಡಿದರು: ಮಗುವಿಗೆ ಹೇಗೂ ಕೇಳಿಸುವುದಿಲ್ಲವಲ್ಲ ಎಂದು ಅವಳೊಡನೆ ಮಾತಾಡುವುದನ್ನೇ ಬಿಟ್ಟರು. ಅಯ್ಯೋ ಪಾಪ ಎಂದು, ಅವಳು ಕೇಳುವ ಮೊದಲೇ ಹಾಲು, ಗೊಂಬೆ, ಬಾಳೆಹಣ್ಣು ಎಲ್ಲ ಕೈಗೆ ಬರುತ್ತಿತ್ತು. ಕೇಳಬೇಕಾದ ಪ್ರಮೇಯವೇ ಇಲ್ಲದವಳು ಏನನ್ನು ತಾನೇ ಕೇಳಿಯಾಳು? ಸುಶೀಲಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ. ಮಗಳ ಮನಸ್ಸಿನಲ್ಲಿ ಏನಿದೆಯೆಂದು ಒಂದು ಸಲವಾದರೂ ತಿಳಿಯಬೇಕು. ಇದನ್ನು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡು ಆಕೆ ಅತ್ತದ್ದುಂಟು.

ಇನ್ನು ರಾಯರ ಮೌನ ಭೋಜನ. ಹಳೆಯ ಕಾಲದ ಹಿರಿಯರಲ್ಲಿ ಈ ವ್ರತ ಅನೇಕರಿಗಿತ್ತು. ಆಪೋಶನ ತೆಗೆದುಕೊಂಡರೆಂದರೆ ಕೈ ತೊಳೆಯುವ ತನಕ ಮಾತಿಲ್ಲ. ಊಟದಲ್ಲಿ ಮನಸ್ಸು ನಿಲ್ಲಲಿ ಎಂದು ಶಾಸ್ತ್ರಕಾರರು ಮಾಡಿದ್ದಂತೆ. ಹುಳಿಗೆ ಉಪ್ಪು ಸಾಲದೆಂಬ ಜಗಳ ತಪ್ಪಲಿ ಎಂದು ಯಾವನೋ ಗೃಹಸ್ಥ ಮಾಡಿದ್ದಿರಬೇಕೆಂದು ನನ್ನ ಊಹೆ. ಹಾಗೆಂದು ರಾಯರು ಸುಮ್ಮನಿರುತ್ತಿದ್ದರೆ? ಅವರ ಎಡಗೈ ಒಂದೇ ಸಮನೆ ಮಾತಾಡುತ್ತಿತ್ತು. ಹೆಬ್ಬೆರಳಿಗೆ ಎರಡು ಬೆರಳು ಉಜ್ಜಿದರೆ ಉಪ್ಪು. ತೋರುಬೆರಳು ಬಗ್ಗಿಸಿ ತೊಟ್ಟಿಕ್ಕಿಸಿದರೆ ತುಪ್ಪ. ಮುಷ್ಟಿ ಕಟ್ಟಿ ಕಡೆದರೆ ಮಜ್ಜಿಗೆ. ಸೊಸೆ ತಪ್ಪು ತಿಳಿದರೆ ಬಾಯಿ ಮುಚ್ಚಿಕೊಂಡೇ ‘ಹ್ಞೂಂಹ್ಞೂಂ’ ಎಂದು ಹೂಂಕರಿಸುವರು. ಆ ಪಂಕ್ತಿಯಲ್ಲಿ ಅತಿ ಹೆಚ್ಚು ಗಲಾಟೆ ಮಾಡುತ್ತಿದ್ದವರು ಮೌನದಲ್ಲಿದ್ದವರೇ. ಎದುರಿನ ಪುಟ್ಟ ಎಲೆಯ ಮುಂದೆ ಕುಳಿತ ವತ್ಸಲೆ ಅನ್ನ ಮರೆತು ಆ ಕೈಯನ್ನೇ ನೋಡುತ್ತಿದ್ದಳು. ದಿನವೆಲ್ಲ ಬರಿದೆ ಬಾಯಾಡಿಸುವ ಮನೆ, ಅವಳಿಗೆ ತಿಳಿಯುವ ಹಾಗೆ ಮಾತಾಡುತ್ತಿದ್ದದ್ದು ಅದೊಂದು ಹೊತ್ತಿನಲ್ಲಿ ಮಾತ್ರ.

ಒಂದು ಸಂಜೆ ವತ್ಸಲೆ ತಾಯಿಯ ಸೆರಗು ಜಗ್ಗಿ, ಮುಷ್ಟಿ ಕಟ್ಟಿ ಗಾಳಿಯಲ್ಲಿ ಕಡೆದಳು. ಎಲೆಯಿಲ್ಲ, ಮಜ್ಜಿಗೆಯ ಪಾತ್ರೆ ಕಣ್ಣೆದುರಿಗಿಲ್ಲ. ಆದರೂ ಮಜ್ಜಿಗೆ ಕೇಳಿದ್ದಳು. ಹೊಗೆ ಕಂಡರೆ ಕಾಣದ ಬೆಂಕಿಯನ್ನು ಊಹಿಸಬೇಕೆಂದು ನಾನು ಹುಡುಗರಿಗೆ ವರ್ಷವಿಡೀ ಪಾಠ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಅವರು ಹೊಗೆಯನ್ನಷ್ಟೇ ಬರೆಯುತ್ತಿದ್ದರು. ಈ ಮಗು ಕಾಣದ ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಿತ್ತು. ಸುಶೀಲಮ್ಮ ಸಂತೋಷದಿಂದ ಮಗಳಿಗೆ ಕೊಟ್ಟು ನನಗೂ ಒಂದು ಲೋಟ ಮಜ್ಜಿಗೆ ಕಳಿಸಿದರು.

ಸಂತೋಷ ಶನಿವಾರದವರೆಗೆ ಮಾತ್ರ. ಪ್ರತಿ ಶನಿವಾರ ಕಿವುಡು ಮಕ್ಕಳ ಶಾಲೆಯಿಂದ ಒಬ್ಬ ಟೀಚರು ಬಸ್ಸಿಳಿದು ಧೂಳಿನಲ್ಲಿ ನಡೆದು ಬರುತ್ತಿದ್ದರು. ಶ್ರದ್ಧೆಯ ಹೆಂಗಸು. ಮಗುವಿನ ಮುಖದ ಮಟ್ಟಕ್ಕೆ ಬಗ್ಗಿ, ಬೆಳಕು ನಿಮ್ಮ ಮುಖಕ್ಕೆ ಬೀಳುವಂತೆ ಕುಳಿತು, ಅವಳು ಏನನ್ನು ನೋಡುತ್ತಾಳೋ ಅದರ ಬಗ್ಗೆಯೇ ಮಾತಾಡಿ ಎಂದು ಮನೆಯವರಿಗೆ ಹೇಳಿಕೊಟ್ಟವರು ಅವರೇ. ಕನ್ನಡಿಯ ಮುಂದೆ ಮಗುವನ್ನು ಕೂರಿಸಿಕೊಂಡು, ಅವಳ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಸಿಕೊಂಡು, ತುಟಿಯಾಡಿಸಿ ತೋರಿಸುತ್ತಿದ್ದರು. ಆದರೆ ಸನ್ನೆ ಮಾತ್ರ ಕೂಡದು. ಕೈ ರೂಢಿಯಾದರೆ ನಾಲಿಗೆ ಸೋಮಾರಿಯಾಗುತ್ತದೆಂದು ಆಗಿನ ಕಾಲದ ನಂಬಿಕೆ. ವತ್ಸಲೆ ಕೈಯೆತ್ತಿದರೆ ಮೆಲ್ಲಗೆ ಮಣಿಕಟ್ಟು ಹಿಡಿದು ಮಡಿಲಿಗೆ ಇಳಿಸಿಬಿಡುವರು. ಮಜ್ಜಿಗೆಯ ಸುದ್ದಿ ಕೇಳಿ, ತಾತನ ಸನ್ನೆ ನಿಲ್ಲಲೇಬೇಕೆಂದರು.

ರಾಯರು ಧರ್ಮಸಂಕಟಕ್ಕೆ ಬಿದ್ದರು. ಮಾತಾಡಿದರೆ ವ್ರತಭಂಗ, ಸನ್ನೆ ಮಾಡಿದರೆ ಮೊಮ್ಮಗಳ ನಾಲಿಗೆಗೆ ಕೇಡು. ಎರಡನ್ನೂ ಬಿಟ್ಟರು. ಎಡಗೈ ತೊಡೆಯ ಮೇಲಿಟ್ಟು, ಬಡಿಸಿದ್ದನ್ನು ಬಡಿಸಿದಷ್ಟು ಉಂಡರು. ತುಪ್ಪ ಮರೆತರೆ ಒಣ ಅನ್ನ. ಸಾರು ಹೆಚ್ಚಾದರೆ ಎಲೆಯ ಮೇಲೆ ಕೆರೆ. ತುಪ್ಪವಿಲ್ಲದ ಅನ್ನವನ್ನು ಆ ಮನುಷ್ಯ ನುಂಗುವುದನ್ನು ನೋಡಿ ನನಗೆ ನಗುವೂ ಬಂತು, ಗೌರವವೂ ಬಂತು. ವತ್ಸಲೆ ಕೆಲವು ದಿನ ಕಾದಳು. ಒಂದು ದಿನ ಎಲೆ ಬಿಟ್ಟೆದ್ದು ಬಂದು, ತೊಡೆಯ ಮೇಲಿದ್ದ ತಾತನ ಎಡಗೈಯನ್ನು ಎತ್ತಿ ಗಾಳಿಯಲ್ಲಿ ನಿಲ್ಲಿಸಿ, ತನ್ನ ಜಾಗಕ್ಕೆ ಹೋಗಿ ಕುಳಿತು ನೋಡಿದಳು. ರಾಯರ ಕಣ್ಣು ತುಂಬಿತು. ಆಮೇಲೆ ತೋರುಬೆರಳು ಬಗ್ಗಿ ತುಪ್ಪ ಕೇಳಿತು.

ಮರಳಿ ಬಂದ ಸನ್ನೆಗಳು ಊಟದ ಮನೆಗಷ್ಟೇ ನಿಲ್ಲಲಿಲ್ಲ. ಹಾಲಿನ ಗೌಡರಿಗೆ ಮೀಸೆ, ತಾತನಿಗೆ ಅವರ ನಾಮದ ಹಾಗೆ ಹಣೆಯ ಮೇಲೆ ಮೇಲಿಂದ ಕೆಳಕ್ಕೆ ಎಳೆದ ಒಂದು ಬೆರಳು, ಹೀಗೆ ವತ್ಸಲೆಯೇ ಎಲ್ಲರಿಗೂ ಹೆಸರಿಟ್ಟಳು. ಸುಶೀಲಮ್ಮ ಅಡುಗೆಮನೆಯಲ್ಲಿ ಬಾಯಿಂದಲೂ ಕೈಯಿಂದಲೂ ಅವಳೊಡನೆ ಹರಟುತ್ತಿದ್ದರು. ಟೀಚರಿಗೆ ಮಾತ್ರ ಹೇಳಿರಲಿಲ್ಲ.

ಯುಗಾದಿಗೆ ಟೀಚರನ್ನೂ ಊಟಕ್ಕೆ ಕರೆದಿದ್ದರು. ರಾಯರಿಗೆ ಸಕ್ಕರೆ ಕಾಯಿಲೆ. ಪಾಯಸ ಒಂದೇ ಸೌಟೆಂದು ಸೊಸೆಯ ಕಟ್ಟುನಿಟ್ಟು. ಅದು ಮುಗಿದ ಮೇಲೆ ರಾಯರ ಎಡಗೈ ಟೀಚರನ್ನು ಮರೆತು, ಇನ್ನೊಂದು ಸೌಟು ಬಡಿಸೆಂದು ದೈನ್ಯದಿಂದ ಕೇಳಿತು. ಸುಶೀಲಮ್ಮ ಕರಗುವುದರಲ್ಲಿದ್ದರು. ಅಷ್ಟರಲ್ಲಿ ವತ್ಸಲೆ ಎದ್ದು ನಿಂತಳು. ಹಣೆಯ ಮೇಲೆ ಬೆರಳೆಳೆದಳು. ಅಡುಗೆಮನೆ ತೋರಿಸಿದಳು. ಬೊಗಸೆಯನ್ನು ಬಾಯಿಗೆತ್ತಿ ಗಟಗಟ ಕುಡಿದು, ಮುಂಗೈಯಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಪೂಜೆಯ ಗಂಟೆ ಆಡಿಸಿದಳು.

ಟೀಚರೇ ಮೆಲ್ಲಗೆ ಕೇಳಿದರು: “ಏನಂದ್ಲು ಮಗು?”

ಸುಶೀಲಮ್ಮ ಸೌಟನ್ನು ಪಾತ್ರೆಗೆ ಹಿಂದಕ್ಕಿಟ್ಟು ಹೇಳಿದರು: “ಮಾವನೋರು ಆಗ್ಲೇ ಅಡಿಗೆಮನೇಲಿ ಪಾಯಸ ಕುಡಿದ್ರಂತೆ. ದೇವರ ಗಂಟೆ ಆಮೇಲೆ ಆಡ್ಸಿದ್ರಂತೆ.”

ದೇವರಿಗಿಂತ ಮೊದಲು! ರಾಯರಿಗೆ ತಡೆಯಲಾಗಲಿಲ್ಲ. “ಸುಳ್ಳು. ಗಂಟೆ ಆದ್ಮೇಲೇನೇ ನಾನು ಕುಡಿದಿದ್ದು” ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಜೀವಮಾನದ ವ್ರತ ಹೋಯಿತು. ಜೊತೆಗೆ ಆರೋಪದ ಮುಖ್ಯಭಾಗವನ್ನು ತಾವೇ ಒಪ್ಪಿಕೊಂಡಂತಾಯಿತು. ತರ್ಕಶಾಸ್ತ್ರದವನಾದ ನನಗೆ ಎಲೆಯ ಮೇಲಿದ್ದ ಹಬ್ಬದ ಹೋಳಿಗೆ ಇನ್ನಷ್ಟು ರುಚಿಸಿತು.

ಹೊರಡುವಾಗ ಟೀಚರು ಜಗಲಿಯ ಮೇಲೆ ಮಂಡಿಯೂರಿ ಕುಳಿತು, ಎಲ್ಲರಿಗೂ ಹೆಸರಿದೆಯಲ್ಲ, ನನಗೇನಿಟ್ಟಿದ್ದಾಳೆ ಎಂದು ತಮ್ಮ ಎದೆಗೆ ಬೆರಳಿಟ್ಟುಕೊಂಡು ಸುಶೀಲಮ್ಮನನ್ನು ಕೇಳಿದರು. ಆ ಬೆರಳು ನೋಡಿದ ವತ್ಸಲೆಗೆ ಪ್ರಶ್ನೆ ತಿಳಿದಿತ್ತು. ಟೀಚರನ್ನು ತೋರಿಸಿ, ತನ್ನ ಒಂದು ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದು ಕೆಳಗಿಳಿಸಿದಳು.

ಟೀಚರು ಮುಂದಿನ ಶನಿವಾರವೂ ಬಂದರು. ಕನ್ನಡಿಯ ಪಾಠ ನಿಲ್ಲಲಿಲ್ಲ, ವತ್ಸಲೆ ಕ್ರಮೇಣ ಬಾಯಿಂದಲೂ ನಾಲ್ಕಾರು ಮಾತು ಕಲಿತಳು. ಕೈ ಹಿಡಿಯುವುದು ಮಾತ್ರ ಅಂದಿಗೇ ನಿಂತಿತು.

ಆ ಬೇಸಿಗೆ ಕಳೆದು ನನ್ನ ಹೆಂಡತಿ ಮಗನನ್ನು ಎತ್ತಿಕೊಂಡು ಬಂದಳು. ಕಾಲಕ್ಕೆ ಸರಿಯಾಗಿ ಅವನು ‘ಅಮ್ಮ’ ಎಂದ, ‘ತಾತ’ ಎಂದ; ಮನೆಯವರೆಲ್ಲ ಮಾತು ಬಂತೆಂದು ಸಂಭ್ರಮಪಟ್ಟರು. ನಾನು ಮಾತ್ರ ಅವಸರಪಡದೆ, ಅವನೂ ವತ್ಸಲೆಯಂತೆ ಹೇಳುವ ಮೊದಲ ಚಾಡಿಗಾಗಿ ಕಾದೆ. ಅದೂ ಬಂತು, ನನ್ನ ಮೇಲೆಯೇ.